ಗೋಡೆಯ ಅಳತೆ, ಮೀನಿನ ಅಳತೆ

ಬಸವೇಶ್ವರನಗರದಲ್ಲಿ ನನ್ನ ಗೆಳೆಯನೊಬ್ಬ ಅಪ್ಪ ಕಟ್ಟಿಸಿದ್ದ ಮನೆ ಕೆಡವಿ, ಅದೇ ಮೂವತ್ತು-ನಲವತ್ತರ ಸೈಟಿನಲ್ಲಿ ಹೊಸ ಮನೆ ಎಬ್ಬಿಸಿದ. ಕೆಳಗೆ ಕಾರು, ಮೊದಲ ಮಹಡಿ ಬಾಡಿಗೆಗೆ, ಎರಡನೆಯದರಲ್ಲಿ ತಾನು. ಹಾಲ್‌ನಲ್ಲಿ ದೇವರ ಕೋಣೆಗೂ ಟಿ.ವಿ. ಯೂನಿಟ್ಟಿಗೂ ನಡುವೆ ಆರೂಕಾಲು ಅಡಿ ಗೋಡೆ ಖಾಲಿ ಉಳಿಯಿತು. ಇಂಟೀರಿಯರ್‌ನವನು ಟೇಪು ಹಿಡಿದು ಮೂರು ಸಲ ಅಳೆದು, "ಕಸ್ಟಮ್ ಅಕ್ವೇರಿಯಂ ಕೂರಿಸಿಬಿಡೋಣ ಸಾರ್, ಆರು ಅಡಿ ಉದ್ದ, ಎರಡಡಿ ಅಗಲ, ಎರಡೂವರೆ ಎತ್ತರ. ಗೋಡೆ ತುಂಬಿದ ಹಾಗೆ ಇರುತ್ತೆ" ಎಂದ. ಹಿಂದಿನ ಪರದೆಯ ಬಣ್ಣ, ಕೆಳಗಿನ ಕಪಾಟಿನ ಲ್ಯಾಮಿನೇಟ್, ಲೈಟು ಬಿಳಿಯೋ ನೀಲಿಯೋ ಎಲ್ಲವೂ ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಅಭಿಪ್ರಾಯ ಕೇಳಲೆಂದು ನನ್ನನ್ನು ಕರೆಸಿದ್ದ ಗೆಳೆಯನಿಗೆ ನಾನು ಕೇಳಿದ್ದು ಒಂದೇ ಮಾತು: "ಯಾವ ಮೀನು ಸಾಕ್ತೀಯ?"

"ಅದೆಲ್ಲ ಅಂಗಡಿಯವನೇ ಬಿಟ್ಟುಕೊಡ್ತಾನಂತೆ ಕಣೋ" ಎಂದ.

ನನ್ನ ತಕರಾರಿರುವುದು ಈ ಉತ್ತರದ ಜೊತೆ, ಅಕ್ವೇರಿಯಂ ಜೊತೆ ಅಲ್ಲ. ಕಸ್ಟಮ್ ಎಂದರೆ ಅಳತೆಗೆ ಹೊಲಿಸಿದ್ದು. ದರ್ಜಿ ಅಂಗಿ ಹೊಲಿಯುವಾಗ ತೊಡುವವನ ಮೈ ಅಳೆಯುತ್ತಾನೆ, ಅಂಗಿ ನೇತುಹಾಕುವ ಗೂಟವನ್ನಲ್ಲ. ನಮ್ಮ ಹೊಸ ಮನೆಗಳಲ್ಲಿ ಮೀನಿನ ತೊಟ್ಟಿಯನ್ನು ಮಾತ್ರ ಗೂಟದ ಅಳತೆಗೆ ಹೊಲಿಸುತ್ತಿದ್ದೇವೆ.

ದೊಡ್ಡ ತೊಟ್ಟಿ ಎಂದ ಕೂಡಲೇ ನಮ್ಮ ಮಧ್ಯಮ ವರ್ಗದ ಮನಸ್ಸು 'ದುಂದು' ಎನ್ನುತ್ತದೆ. ಚಿಕ್ಕ ಗಾಜಿನ ಬೋಗುಣಿಯಲ್ಲಿ ಎರಡು ಗೋಲ್ಡ್ ಫಿಶ್ ಇಟ್ಟರೆ ಅದು ಸರಳತೆ, ಮಕ್ಕಳಿಗೆ ಸಂತೋಷ. ನಾನೂ ಹಾಗೆಯೇ ನಂಬಿದ್ದವನು. ಮಗಳ ಹುಟ್ಟುಹಬ್ಬಕ್ಕೆ ತಂದ ಬೋಗುಣಿಯ ಮೀನುಗಳು ಒಂಬತ್ತನೇ ದಿನ ಹೊಟ್ಟೆ ಮೇಲಾಗಿ ತೇಲಿದವು. ಅಂಗಡಿಯವನು "ಆ್ಯಂಟಿ ಕ್ಲೋರಿನ್ ಹಾಕಲಿಲ್ವಾ?" ಎಂದು ಕೇಳಿ ಇನ್ನೆರಡು ಮೀನು ಕಟ್ಟಿಕೊಟ್ಟ. ಅವೂ ಹೋದವು. ಕ್ಲೋರಿನ್ನಿನದು ತಪ್ಪಿರಲಿಲ್ಲ, ತಮ್ಮದೇ ಮೈಯಿಂದ ಹೊರಬಿದ್ದ ಅಮೋನಿಯಾದಲ್ಲಿ ಅವು ಸತ್ತಿದ್ದವು. ಐದು ಲೀಟರ್ ನೀರಿನಲ್ಲಿ ಆ ವಿಷ ಕೆಲವೇ ದಿನಗಳಲ್ಲಿ ಮಾರಕವಾಗುತ್ತದೆ. ಐನೂರು ಲೀಟರಿನಲ್ಲಿ ಅಷ್ಟೇ ಮೀನು, ಅಷ್ಟೇ ಹೊಲಸು ಇದ್ದರೆ ಅದು ಕರಗಿ ತೆಳುವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ನೀರು ಸರಕ್ಕನೆ ಕಾಯುವುದಿಲ್ಲ, ಡಿಸೆಂಬರಿನ ಬೆಳಗಿನ ಜಾವ ಸರಕ್ಕನೆ ತಣಿಯುವುದಿಲ್ಲ, ಮನೆಯವರು ಒಂದು ವಾರ ಮೈಮರೆತರೂ ಅನಾಹುತವಾಗುವುದಿಲ್ಲ. ಗೋಲ್ಡ್ ಫಿಶ್ ಸರಿಯಾಗಿ ಸಾಕಿದರೆ ಒಂದು ಗೇಣು ಬೆಳೆಯುವ, ಹತ್ತು-ಹದಿನೈದು ವರ್ಷ ಬದುಕುವ ಮೀನು. ಅದನ್ನು ಬೋಗುಣಿಯಲ್ಲಿ ಇಡುವುದು ಸರಳತೆಯಲ್ಲ. ಮೀನು ಸಾಕಲೇಬೇಕೆಂದಿದ್ದರೆ ದೊಡ್ಡ ತೊಟ್ಟಿಯೇ ಮೇಲು. ಇಷ್ಟರ ಮಟ್ಟಿಗೆ ನಾನು ಇಂಟೀರಿಯರ್‌ನವನ ಪಕ್ಷ.

ಆದರೆ ದೊಡ್ಡದರ ಭಾರವೂ ದೊಡ್ಡದು. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯನ್ನೇ ತೆಗೆದುಕೊಳ್ಳಿ: ಒಟ್ಟು 24 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರಿನ ಲೆಕ್ಕದಲ್ಲಿ 680 ಲೀಟರ್. ಮೇಲೆ ಸ್ವಲ್ಪ ಖಾಲಿ ಬಿಟ್ಟು 610 ಲೀಟರ್ ತುಂಬಿದರೂ ಅಷ್ಟೇ ಕಿಲೋ ನೀರಾಯಿತು. 12 ಮಿಲಿಮೀಟರ್ ಗಾಜಿನದ್ದು 120 ಕಿಲೋಗೂ ಹೆಚ್ಚು. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಸೇರಿ ಒಟ್ಟು 900 ಕಿಲೋ ದಾಟುತ್ತದೆ. ಇಷ್ಟೂ ಕೂರುವುದು ಹನ್ನೆರಡು ಚದರ ಅಡಿಯ ಮೇಲೆ. ನಮ್ಮ ದೇಶದ ಕಟ್ಟಡ ಸಂಹಿತೆ, ಅಂದರೆ ಐ.ಎಸ್. 875ರ ಎರಡನೇ ಭಾಗ, ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ. ತೊಟ್ಟಿಯ ಅಡಿಯಲ್ಲಿ ಅದು 800 ದಾಟುತ್ತದೆ. ಹಾಗೆಂದು ಮೌಲ್ಡ್ ನಾಳೆಯೇ ಕುಸಿಯುವುದಿಲ್ಲ. ಆ 200 ಇಡೀ ಕೋಣೆಗೆ ಹರಡಿದ ಲೆಕ್ಕ, ತೊಟ್ಟಿಯ ಭಾರ ಗೋಡೆ ಪಕ್ಕದ ಬೀಮಿನ ಮೇಲೆ ಬಿದ್ದರೆ ತಡೆದೀತು. ಆದರೆ ಬೀಮು ಎಲ್ಲಿದೆ ಎಂದು ಹೇಳಬೇಕಾದವನು ಸ್ಟ್ರಕ್ಚರಲ್ ಎಂಜಿನಿಯರ್, ಲ್ಯಾಮಿನೇಟ್ ಆರಿಸುವವನಲ್ಲ. ನಾಮಕರಣದ ದಿನ ಹದಿನಾಲ್ಕು ಜನ ಆ ಮೂಲೆಯಲ್ಲಿ ಒತ್ತಿಕೊಂಡು ನಿಂತರೂ ಊಟವಾದ ಮೇಲೆ ಎದ್ದು ಹೋಗುತ್ತಾರೆ. ತೊಟ್ಟಿ ಹತ್ತು ವರ್ಷ ಅಲ್ಲೇ ನಿಲ್ಲುತ್ತದೆ.

ಎತ್ತರದ ವಿಷಯಕ್ಕೆ ಬಂದರೆ ನೀರಿನ ಗುಣ ವಿಚಿತ್ರ. ಗಾಜನ್ನು ತಳ್ಳುವ ಒತ್ತಡ ಹಿಂದೆ ಎಷ್ಟು ನೀರಿದೆ ಎಂಬುದರ ಮೇಲೆ ನಿಂತಿಲ್ಲ, ಎಷ್ಟು ಆಳವಿದೆ ಎಂಬುದರ ಮೇಲೆ ನಿಂತಿದೆ. ಎರಡಡಿ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಮುಂದಿನ ಗಾಜಿನ ಮೇಲೆ ಒಟ್ಟು 340 ಕಿಲೋದಷ್ಟು ತಳ್ಳುವಿಕೆ. ಅರ್ಧ ಅಡಿ ಏರಿಸಿ ಎರಡೂವರೆ ಮಾಡಿದರೆ ಅದು ಸುಮಾರು 530ಕ್ಕೆ ಹೋಗುತ್ತದೆ. ಎತ್ತರ ಏರಿದ್ದು ಕಾಲು ಭಾಗ, ತಳ್ಳುವಿಕೆ ಏರಿದ್ದು ಅರ್ಧಕ್ಕೂ ಹೆಚ್ಚು. ಇದನ್ನೆಲ್ಲ ಹಿಡಿದಿಟ್ಟಿರುವುದು ಅಂಚಿನ ಸಿಲಿಕಾನ್ ಗೆರೆ. ಅದು ಒಣಗುವಾಗ ಬರುವ ವಿನೆಗರ್ ವಾಸನೆ ಹೋಗುವ ಮೊದಲೇ ನೀರು ತುಂಬಿಸಿ 'ಟೆಸ್ಟಿಂಗ್ ಆಯ್ತು ಸಾರ್' ಎನ್ನುವವರಿದ್ದಾರೆ. ಇನ್ನೊಂದು ಮಾತು, ಯಾವ ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಇರದದ್ದು: ನಮ್ಮ ತೋಳಿನ ಉದ್ದ ಹೆಚ್ಚೆಂದರೆ ಎರಡಡಿ. ಅದಕ್ಕಿಂತ ಆಳದ ತೊಟ್ಟಿಯ ತಳವನ್ನು ಉಜ್ಜಬೇಕಾದರೆ ಸ್ಟೂಲ್ ಹತ್ತಿ, ಅಂಗಿ ಕಳಚಿ, ಕಂಕುಳವರೆಗೆ ಮುಳುಗಬೇಕು. ಎತ್ತರದ ತೊಟ್ಟಿ ಚೆಂದ ಕಾಣುವುದು ನಿಂತು ನೋಡುವ ಅತಿಥಿಗೆ. ಮೀನಿಗೆ ಬೇಕಾದದ್ದು ಉದ್ದ ಮತ್ತು ಅಗಲ, ಅಂದರೆ ಈಜುವ ಜಾಗ ಮತ್ತು ಗಾಳಿ ತಾಗುವ ಮೇಲ್ಮೈ.

ಇನ್ನು ನೀರು. ಬಸವೇಶ್ವರನಗರದವರಿಗೆ ನೀರಿನ ಚರಿತ್ರೆ ಹೇಳಿಕೊಡಬೇಕಾಗಿಲ್ಲ. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಎರಡೂ ಅರ್ಕಾವತಿಯ ನೀರು. 1974ರಿಂದ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಕಡೆ ಪಂಪು ಮಾಡಿ ಗುಡ್ಡ ಹತ್ತಿಸಿ ತಂದದ್ದು. ಈ ಬಡಾವಣೆಯ ಬಚ್ಚಲ ನೀರು ಇಳಿಯುವುದು ವೃಷಭಾವತಿಗೆ. ಅಲ್ಲಿಂದ ಕೆಂಗೇರಿ, ಬೈರಮಂಗಲ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿ. ತೊಟ್ಟಿಯ ನೀರು ಈ ದೊಡ್ಡ ಸುತ್ತಿನಲ್ಲಿ ಒಂದು ಸಣ್ಣ ತಂಗುದಾಣ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ, ಕಾರಂಜಿ ಹಾರಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಆ ಬೇಸಿಗೆಯಲ್ಲಿ ಅಕ್ವೇರಿಯಂ ಇಟ್ಟವರನ್ನು ನೆಂಟರು ಕಳ್ಳರನ್ನು ನೋಡಿದ ಹಾಗೆ ನೋಡಿದರು.

ಲೆಕ್ಕ ಹಾಕಿದರೆ ಆ ಅಪವಾದ ನಿಲ್ಲುವುದಿಲ್ಲ. 600 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ತಿಂಗಳಿಗೆ 600 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ನೋಡಿದರೆ, ನಾಲ್ಕೈದು ದಿನ ಒಬ್ಬ ನೆಂಟ ಉಳಿದುಕೊಂಡಷ್ಟು. ಅದೂ ಬಚ್ಚಲಿಗೆ ಹೋಗಬೇಕಾದ್ದಿಲ್ಲ. ಮೀನಿನ ಹೊಲಸು ಕಡೆಗೆ ನೈಟ್ರೇಟ್ ಆಗುತ್ತದೆ, ಅದು ಗಿಡಕ್ಕೆ ಗೊಬ್ಬರ; ತುಳಸಿಕಟ್ಟೆಗೆ, ತಾರಸಿಯ ಕರಿಬೇವಿಗೆ ಆ ಬಕೆಟ್ಟು ಸಲ್ಲುತ್ತದೆ. ನೀರಿಗಿಂತ ಕರೆಂಟಿನ ಲೆಕ್ಕ ಹೆಚ್ಚು: 40 ವಾಟಿನ ಫಿಲ್ಟರು ಹಗಲೂ ರಾತ್ರಿ ಓಡಿದರೆ ದಿನಕ್ಕೆ ಒಂದು ಯೂನಿಟ್, ಲೈಟಿನದ್ದು ಮುಕ್ಕಾಲು. ತಿಂಗಳಿಗೆ ಐವತ್ತು ದಾಟುತ್ತದೆ. ಅಕ್ವೇರಿಯಂ ಬೇಡ ಎನ್ನುವವರು ನೀರಿನ ವಾದವನ್ನು ಬಿಟ್ಟು ಬೇರೆ ಹುಡುಕಿಕೊಳ್ಳುವುದು ಒಳ್ಳೆಯದು. ಇದೆ, ಹೇಳುತ್ತೇನೆ.

ಅದಕ್ಕೂ ಮೊದಲು ಗೃಹಪ್ರವೇಶದ ಮಾತು ಆಗಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಮೀನು ಸಾಯುವುದು ಗೃಹಪ್ರವೇಶದ ಮುಂದಿನ ವಾರ ಎಂದು ನನಗೆ ಗುಮಾನಿ. ಮುಹೂರ್ತದ ಹಿಂದಿನ ದಿನ ತೊಟ್ಟಿ ತುಂಬುತ್ತಾರೆ, ನೀಲಿ ಹನಿ ಎರಡು ಮುಚ್ಚಳ ಸುರಿಯುತ್ತಾರೆ, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಿಂದ ನಲವತ್ತು ಮೀನು ಇಳಿಸುತ್ತಾರೆ. ಹಾಲು ಉಕ್ಕುತ್ತದೆ, ಬಂದವರು 'ಆಹಾ' ಎನ್ನುತ್ತಾರೆ. ಆದರೆ ಆ ತೊಟ್ಟಿಯಲ್ಲಿ ಅಡುಗೆಮನೆಯೂ ಇಲ್ಲ, ಮೋರಿಯೂ ಇಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡುವುದೊಂದು ಸೂಕ್ಷ್ಮಜೀವಿ, ಅಷ್ಟೇ ವಿಷವಾದ ಆ ನೈಟ್ರೈಟನ್ನು ನಿರಪಾಯದ ನೈಟ್ರೇಟ್ ಮಾಡುವುದು ಇನ್ನೊಂದು. ಎರಡನೆಯದು ನೈಟ್ರೋಬ್ಯಾಕ್ಟರ್ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಅಕ್ವೇರಿಯಂಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು ಎಂದು 1998ರಲ್ಲಿ ಗೊತ್ತಾಯಿತು. ಇವು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅವುಗಳ ಗೃಹಪ್ರವೇಶ ಮೀನಿನದಕ್ಕಿಂತ ಮೊದಲು ಆಗಬೇಕು.

ಬೇಗ ಆಗಲೆಂದರೆ ಒಂದು ದಾರಿ ಇದೆ, ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಹಳೆಯ, ಆರೋಗ್ಯವಾಗಿರುವ ತೊಟ್ಟಿಯ ಫಿಲ್ಟರಿನಿಂದ ಹಿಂಡದ, ತೊಳೆಯದ ಸ್ಪಂಜಿನ ತುಂಡು ತಂದು ಹೊಸದರಲ್ಲಿ ಇಡುವುದು. ಹೆಪ್ಪು ಹಾಕುವುದು ಎಂದರೆ ಇದೇ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಖಾಲಿ ನೀರಿಗೆ ಉದುರಿಸಿ ಅದು ಕೊಳೆಯಲು ಬಿಡಬೇಕು. ಆ ಜೀವಿಗಳಿಗೂ ಊಟ ಬೇಕಲ್ಲ. ಹೊಸ ಮನೆಯ ಹಾಲ್‌ನಲ್ಲಿ ಮೀನಿಲ್ಲದ ತೊಟ್ಟಿಗೆ ಲೈಟು ಹಾಕಿ, ಕೊಳೆತ ಆಹಾರವನ್ನು ವಾರಗಟ್ಟಲೆ ಕಾಯುವುದು ಅಷ್ಟು ಸುಲಭವಲ್ಲ. ನೆಂಟರು ನಗುತ್ತಾರೆ. ಈ ನಗುವನ್ನು ತಡೆದುಕೊಳ್ಳಲಾರದವರು ಮೀನು ಸಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೀನಿನ ಆಯ್ಕೆಯನ್ನು ಅಂಗಡಿಯವನಿಗೆ ಬಿಟ್ಟರೆ ಆಗುವುದೇನು? ಎರಡಂಗುಲದ, ಬೆಳ್ಳಿ ಬಣ್ಣದ, ಚುರುಕಾಗಿ ಸುತ್ತುವ ಮರಿಯೊಂದನ್ನು 'ಶಾರ್ಕ್' ಎಂದು ಕೊಡುತ್ತಾನೆ. ಅದು ಶಾರ್ಕ್ ಅಲ್ಲ, ಆಗ್ನೇಯ ಏಷ್ಯಾದ ಮೆಕಾಂಗ್ ಸೀಮೆಯ ಪಂಗಾಸಿಯಸ್. ಮೂರಡಿಗೂ ಮೀರಿ ಬೆಳೆಯುತ್ತದೆ. ನಮ್ಮ ಹೋಟೆಲುಗಳಲ್ಲಿ 'ಬಾಸಾ' ಎಂದು ತಟ್ಟೆಗೆ ಬರುವುದೂ ಹೆಚ್ಚಾಗಿ ಇದೇ ಮೀನು. 'ಕ್ಲೀನಿಂಗಿಗೆ' ಎಂದು ಕೊಡುವ ಸಕ್ಕರ್ ಒಂದಡಿ ದಾಟುತ್ತದೆ, ತೊಳೆಯುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಕೆಂಪು ಬಾಲದ ಅಮೆಜಾನ್ ಕ್ಯಾಟ್‌ಫಿಶ್ ಮರಿಯಾಗಿದ್ದಾಗ ಮುದ್ದು, ಬೆಳೆದರೆ ಒಂದು ಮೀಟರಿಗೂ ಹೆಚ್ಚು. ವಾಸ್ತು ಹೇಳುವವರು ಅರೋವನ ತರಿಸುತ್ತಾರೆ. ಏಷ್ಯಾದ ಅರೋವನ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಅನುಬಂಧದಲ್ಲಿರುವ, ಅಂದರೆ ಅತ್ಯಂತ ಬಿಗಿಯಾದ ಕಾವಲಿನಲ್ಲಿರುವ ಜೀವಿ. ಈಶಾನ್ಯದಲ್ಲಿ ಇಟ್ಟರೆ ಲಕ್ಷ್ಮಿ ಬರುತ್ತಾಳೋ ತಿಳಿಯದು. ಎರಡಡಿ ಬೆಳೆಯುವ ಮೀನು ಎರಡಡಿ ಅಗಲದ ತೊಟ್ಟಿಯಲ್ಲಿ ತಿರುಗಲಾರದು ಎಂಬುದಂತೂ ನಿಜ.

ಬೆಳೆದ ಮೀನು ಎಲ್ಲಿಗೆ ಹೋಗುತ್ತದೆ? ಕೊಲ್ಲಲು ಮನಸ್ಸು ಬಾರದ ಧರ್ಮಭೀರುಗಳು ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಡುತ್ತಾರೆ, ಪುಣ್ಯ ಬಂತೆಂದು ಕೈ ತೊಳೆದುಕೊಳ್ಳುತ್ತಾರೆ. 2018ರ ಕೇರಳದ ಪ್ರವಾಹದ ನಂತರ ಅಲ್ಲಿನ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಬಲೆಗೆ ಬಿತ್ತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಇವು ಈಜಿಕೊಂಡು ಬಂದವಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ನಮ್ಮ ಪಕ್ಕದ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಕೆರೆಗಳು ಹೆಸರಿಗಷ್ಟೇ ಉಳಿದವು. ಉಳಿದ ನಾಲ್ಕು ಕೆರೆಗೆ ನಮ್ಮ ಡ್ರಾಯಿಂಗ್ ರೂಮಿನ ತಪ್ಪುಗಳನ್ನು ಸುರಿಯುವುದು ಪುಣ್ಯವಲ್ಲ.

ಹಾಗಾದರೆ ನಮ್ಮ ನಾಡಿನ ಮೀನುಗಳನ್ನೇ ಸಾಕಬಾರದೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ, ಮುಂದೆ 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದ ಸಿ.ಆರ್. ನಾರಾಯಣರಾಯರು 1920ರಲ್ಲಿ ತೀರ್ಥಹಳ್ಳಿಯ ತುಂಗೆಯಿಂದ ಒಂದು ಪುಟ್ಟ ಮೀನನ್ನು ಲೋಕಕ್ಕೆ ಪರಿಚಯಿಸಿದರು: ಬೋಟಿಯಾ ಸ್ಟ್ರಯಾಟಾ. ಮೈತುಂಬ ಸಣ್ಣ ಅಡ್ಡಪಟ್ಟೆ, ಮೂಗಿನ ಕೆಳಗೆ ಮೀಸೆ, ಗುಂಪಿನಲ್ಲಿದ್ದರೆ ಮಾತ್ರ ಲವಲವಿಕೆ. ಇವತ್ತು ಅದು ಝೀಬ್ರಾ ಲೋಚ್ ಎಂಬ ಹೆಸರಿನಲ್ಲಿ ಯೂರೋಪು, ಅಮೆರಿಕದ ತೊಟ್ಟಿಗಳಲ್ಲಿ ಈಜುತ್ತಿದೆ. ಬಸವೇಶ್ವರನಗರದ ತೊಟ್ಟಿಯಲ್ಲಿ ಅಮೆಜಾನಿನ ಮೀನು, ಅಲ್ಲಿಯವರ ತೊಟ್ಟಿಯಲ್ಲಿ ತುಂಗೆಯ ಮೀನು. ಅಭಿಮಾನದಿಂದ 'ನಮ್ಮದನ್ನೇ ಇಡೋಣ' ಎಂದು ಹೊರಡುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ಪಶ್ಚಿಮ ಘಟ್ಟದ ಹೊರಗೆ ಎಲ್ಲೂ ಇಲ್ಲದ ಈ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆ, ಮಾರಾಟಕ್ಕೆ ಬರುವವು ಬಹುಪಾಲು ಹೊಳೆಯಿಂದ ಹಿಡಿದವು. ಸ್ಥಳೀಯ ಎಂಬ ಒಂದೇ ಕಾರಣಕ್ಕೆ ಅದು ನಿರ್ದೋಷಿಯಾಗುವುದಿಲ್ಲ. ಸಾಕಣೆಯಲ್ಲೇ ಮರಿಯಾದ ಝೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್‌ನಂಥ ನಮ್ಮ ಉಪಖಂಡದ ಸಣ್ಣ ಮೀನುಗಳಿವೆ. ಅಗ್ಗ, ಗಟ್ಟಿ, ಬೆಂಗಳೂರಿನ ಚಳಿಗೆ ಹೀಟರ್ ಕೇಳುವುದಿಲ್ಲ. ಆರು ಅಡಿ ತೊಟ್ಟಿಯಲ್ಲಿ ಅಂಥ ಮೂವತ್ತು ಮೀನು ಒಂದೇ ಮೈಯಾಗಿ ತಿರುಗುವುದನ್ನು ನೋಡಿದವರು ಅರೋವನದ ಸುದ್ದಿ ಎತ್ತುವುದಿಲ್ಲ. ಡ್ಯಾನಿಯೋವನ್ನು 1822ರಲ್ಲಿ ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ಬರೆದ ನಮ್ಮ ಪರಿಚಯದ ಬುಕಾನನ್ನನೇ. ಹೆಸರು ಆಮೇಲೆ ಬದಲಾಯಿಸಿಕೊಂಡ.

ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಕುಳಿತು ಬರೆಯುವಾಗ ಕಲ್ಯಾಣವೂ ನೆನಪಾಗುತ್ತದೆ. ಬಸವಣ್ಣನಿಗಿಂತ ಸ್ವಲ್ಪವೇ ಮೊದಲು ಅಲ್ಲಿ ಆಳಿದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟ. ಗಾಳ ಹಾಕುವ ಮೋಜಿನ ಬರಹ ಅದು, ದಯೆಯ ಬರಹವಲ್ಲ. ಆದರೂ ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಎಂದು ಬಿಡಿಬಿಡಿಯಾಗಿ ಬರೆದಿದ್ದಾನೆ. ಕೊಲ್ಲುವುದಕ್ಕೆ ಹೊರಟವನಿಗೆ ಇದ್ದಷ್ಟು ಕುತೂಹಲ ಸಾಕುವುದಕ್ಕೆ ಹೊರಟ ನಮಗಿಲ್ಲ.

ಈಗ ಆ ಗಟ್ಟಿ ವಾದ. ಗಾಜಿನೊಳಗೆ ಜೀವಿಯನ್ನು ಇಡುವುದೇ ತಪ್ಪಲ್ಲವೇ? ಮೀನಿಗೆ ನೋವಿಲ್ಲ, ಮೂರು ಸೆಕೆಂಡಿನ ನೆನಪು ಎಂಬ ಮಾತುಗಳು ಇನ್ನು ನಡೆಯುವುದಿಲ್ಲ. ಟ್ರೌಟ್ ಮೀನಿನ ತುಟಿಯಲ್ಲಿ ನೋವು ಗ್ರಹಿಸುವ ನರತುದಿಗಳಿವೆ ಎಂದು ಲಿನ್ ಸ್ನೆಡನ್ ಮತ್ತು ಜೊತೆಗಾರರು 2003ರಲ್ಲೇ ತೋರಿಸಿದ್ದಾರೆ. ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ತುಂಗೆಯ ಮೀನುಗಳು ಹರಿಯುವ ನೀರಿನಲ್ಲಿ ಬಿಡುಬೀಸಾಗಿ ಇದ್ದುಕೊಂಡೇ ಮಂಡಕ್ಕಿಗೆ ದಡಕ್ಕೆ ಬರುತ್ತವೆ. ಶೃಂಗೇರಿಯಲ್ಲೂ ಹಾಗೆಯೇ. ಮೀನನ್ನು ನೋಡುವ ಸುಖಕ್ಕೆ ಅದನ್ನು ಮನೆಗೆ ತರಲೇಬೇಕಿಲ್ಲ ಎಂದು ಈ ನಾಡು ಎಂದೋ ಕಂಡುಕೊಂಡಿದೆ. ಈ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇದೆಯೆಂದು ನಟಿಸುವುದೂ ಬೇಡ. ಹತ್ತು ತಲೆಮಾರಿನಿಂದ ತೊಟ್ಟಿಯಲ್ಲೇ ಹುಟ್ಟಿದ ಸಣ್ಣ ಮೀನಿಗೆ, ಹಸಿ ಗಿಡ, ಅಡಗುವ ಮೂಲೆ, ತನ್ನವರ ಗುಂಪು ಇರುವ ಆರು ಅಡಿ ನೀರು ಕೆಟ್ಟ ಬದುಕಲ್ಲ ಎನ್ನುವಷ್ಟಕ್ಕೆ ನಾನು ನಿಲ್ಲುತ್ತೇನೆ. ಹೊಳೆಯಿಂದ ತಂದದ್ದಕ್ಕೆ, ಎರಡು ವರ್ಷದಲ್ಲಿ ಗಾಜಿಗೆ ಮೂತಿ ತಾಗುವಷ್ಟು ಬೆಳೆಯುವುದಕ್ಕೆ ಈ ಮಾತು ಸಲ್ಲದು. 1983ರಿಂದ ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ಮತ್ಸ್ಯಾಲಯವಿದೆ. ದೊಡ್ಡ ಮೀನು ನೋಡುವ ಆಸೆ ಇರುವವರಿಗೆ ಬಸ್ಸಿದೆ.

ಇದಕ್ಕಿಂತಲೂ ಗಟ್ಟಿಯಾದ ವಾದ ನನಗೆ ಸಿಕ್ಕಿದ್ದು ಅದೇ ಬೀದಿಯ ಇನ್ನೊಂದು ಮನೆಯಲ್ಲಿ. ಮಗ ಆಸೆಪಟ್ಟು ಐದಡಿ ತೊಟ್ಟಿ ಮಾಡಿಸಿದ. ಮುಂದಿನ ವರ್ಷ ಟೆಕ್ಸಸ್‌ಗೆ ಹೋದ. ಎಪ್ಪತ್ತೆರಡರ ಅಪ್ಪ ಈಗ ಭಾನುವಾರ ಬೆಳಿಗ್ಗೆ ಹತ್ತು ಬಕೆಟ್ ನೀರು ಹೊರುತ್ತಾರೆ. ಕರೆಂಟು ಹೋದರೆ ಯು.ಪಿ.ಎಸ್. ಫ್ಯಾನಿಗೆ ಬೇಡ, ಏರ್ ಪಂಪಿಗೆ ಇರಲಿ ಎನ್ನುತ್ತಾರೆ. ಗಂಟೆಗಟ್ಟಲೆ ನೀರು ಅಲುಗದಿದ್ದರೆ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಒಮ್ಮೆ ಕಂಡಿದ್ದಾರೆ. "ಮಾರಿಬಿಡಿ" ಎಂದೆ. "ಬಾಗಿಲಲ್ಲಿ ಹಿಡಿಯಲ್ಲಪ್ಪ" ಎಂದರು. ಗೋಡೆಯ ಅಳತೆಗೆ ಮಾಡಿಸಿದ್ದರಲ್ಲ, ಮರಗೆಲಸ ಮುಗಿಯುವ ಮೊದಲೇ ಒಳಗೆ ಕೂರಿಸಿದ್ದರು.

ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಕೇಳಿದ. ಎಂಜಿನಿಯರನ್ನು ಕರೆಸಿ ನಕ್ಷೆ ತೋರಿಸಿದಾಗ ಆ ಗೋಡೆಯ ಕೆಳಗೆ ಬೀಮು ಹಾಯ್ದಿರುವುದು ಅದೃಷ್ಟಕ್ಕೆ ಗೊತ್ತಾಯಿತು. ಎತ್ತರವನ್ನು ಎರಡಡಿಗೆ ಇಳಿಸಿದ. ನೀಲಿ ಲೈಟು ಬಿಡಲಿಲ್ಲ, ಅದು ಅವನ ಹೆಂಡತಿಯ ಇಷ್ಟ. ನನ್ನ ಹಳೇ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಒದ್ದೆ ಚೀಲದಲ್ಲಿ ಒಯ್ದ. ಗೃಹಪ್ರವೇಶದ ದಿನ ಬಂದವರೆಲ್ಲ ಗಾಜಿಗೆ ಮುಖವಿಟ್ಟು "ಮೀನೆಲ್ಲಿ?" ಎಂದು ಕೇಳಿದರು. ಮೊನ್ನೆ ಹೋದಾಗ ನೀರು ತುಂಬಿ ಹತ್ತೊಂಬತ್ತು ದಿನವಾಗಿತ್ತು. ಅಮೋನಿಯಾ ಇಳಿದಿತ್ತು, ನೈಟ್ರೈಟ್ ಇನ್ನೂ ಏರುತ್ತಿತ್ತು. ಮೀನು ಬಂದಿರಲಿಲ್ಲ.